‘ಅರ್ಥವಾಯಿತು ಸರ್’

(ಕೋಲಾರದಲ್ಲಿ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಅರ್ಥವಾಯಿತೇ ಎಂದು ಕೇಳಿದೆ. ಮೂವತ್ತೆಂಟು ತಲೆಗಳು ಒಂದೇ ಸಲ ಅಲುಗಿದವು. ‘ಅರ್ಥವಾಯಿತು ಸರ್’ ಎಂದು ಮುಂದಿನ ಎರಡು ಸಾಲುಗಳು ಬಾಯಿಬಿಟ್ಟೇ ಹೇಳಿದವು. ಏನಾದರೂ ಪ್ರಶ್ನೆಗಳಿವೆಯೇ ಎಂದೆ. ಇಲ್ಲ ಸರ್. ನಾನು ಸೀಮೆಸುಣ್ಣದ ಕೈ ಕೊಡವಿಕೊಂಡು ಕೋಣೆಗೆ ಹಿಂದಿರುಗಿ, ಪಾಠ ಮಾಡುವುದು ಇಷ್ಟು ಸಲೀಸೆಂದು ಯಾರೂ ನನಗೆ ಹೇಳಿರಲಿಲ್ಲವಲ್ಲ ಎಂದುಕೊಳ್ಳುತ್ತಾ ಟೀ ಕುಡಿದೆ. ಇದು 2023ರ ಕೊನೆಯ ಮಾತು. ಆ ಟೀಯಷ್ಟು ರುಚಿಯಾದ ಟೀಯನ್ನು ಆಮೇಲೆ ನಾನು ಕುಡಿದಿಲ್ಲ.

ಏಳು ವಾರ ಕಳೆದ ಮೇಲೆ ಮೊದಲ ಆಂತರಿಕ ಪರೀಕ್ಷೆ ಮಾಡಿದೆ. ಪಠ್ಯದಲ್ಲಿದ್ದ ಪ್ರಶ್ನೆಗಳಿಗೆ ಪುಟಗಟ್ಟಲೆ ಉತ್ತರ ಬಂತು. ಅದೂ ಎಂಥ ಅಕ್ಷರ! ನಿಮ್ಮ ಕೈಯಲ್ಲಿ ಪಳಗಿದ ಮಕ್ಕಳು, ಅಕ್ಷರ ಮುತ್ತಿನಂತಿತ್ತು. ಅದೇ ವಿಷಯವನ್ನು ಒಂದಿಷ್ಟು ತಿರುಗಿಸಿ ಕೇಳಿದ್ದ ಐದು ಅಂಕದ ಪ್ರಶ್ನೆಯೊಂದಿತ್ತು. ಅದರ ಕೆಳಗೆ ಮೂವತ್ತೊಂದು ಉತ್ತರಪತ್ರಿಕೆಗಳಲ್ಲಿ ಏನೂ ಇರಲಿಲ್ಲ. ಪ್ರಶ್ನೆಯ ಸಂಖ್ಯೆ ಹಾಕಿ, ಅದರ ಸುತ್ತ ಚೌಕ ಎಳೆದು, ಕೆಳಗೆ ಜಾಗ ಬಿಟ್ಟಿದ್ದರು. ನಾನು ಬಂದು ತುಂಬಲಿ ಎಂಬಂತೆ.

ನನಗೆ ಕೊಟ್ಟಿರುವ ವಿಷಯ ‘ಹೊಸ ಅಧ್ಯಾಪಕನ ಕಣ್ಣಲ್ಲಿ ಇಂದಿನ ವಿದ್ಯಾರ್ಥಿ’. ಇಂದಿನ ವಿದ್ಯಾರ್ಥಿಗೆ ಶಿಸ್ತಿಲ್ಲ, ಗೌರವವಿಲ್ಲ, ಮೊಬೈಲ್ ಬಿಟ್ಟರೆ ಲೋಕವಿಲ್ಲ ಎಂದು ಹೇಳುತ್ತೇನೆಂದು ನಿಮ್ಮಲ್ಲಿ ಕೆಲವರು ಕಾಯುತ್ತಿರಬಹುದು. ನನ್ನ ದೂರು ತಿರುವುಮುರುವಾಗಿದೆ. ನನ್ನ ವಿದ್ಯಾರ್ಥಿಗಳಿಗೆ ಗೌರವ ವಿಪರೀತವಾಗಿದೆ. ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾರೆ, ಕೂರಿ ಎಂದರೂ ಪಕ್ಕದವರು ಕೂತರೋ ಎಂದು ನೋಡಿ ಕೂರುತ್ತಾರೆ, ಎದುರಿಗೆ ಸಿಕ್ಕರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾರೆ. ಈ ವಿನಯದ ಗೋಡೆಯನ್ನು ದಾಟಿ ಅವರ ತಲೆಯೊಳಗೆ ಏನಿದೆ ಎಂದು ನೋಡುವುದಕ್ಕೆ ನನಗೆ ಒಂದೂವರೆ ವರ್ಷ ಬೇಕಾಯಿತು. ಆ ಗೋಡೆಯ ಅಡಿಪಾಯ ಹಾಕಿದವರು ಪಿಯುಸಿಯವರೆಗೆ ಅವರಿಗೆ ಕಲಿಸಿದ ನೀವು, ಈಗ ಅದಕ್ಕೆ ತಲೆ ಚಚ್ಚಿಕೊಳ್ಳುತ್ತಿರುವವನು ನಾನು. ಆದ್ದರಿಂದ ಈ ಸಭೆಗಿಂತ ಒಳ್ಳೆಯ ಸಭೆ ನನಗೆ ಸಿಗಲಾರದು.

ನನ್ನ ಬಗ್ಗೆ ಎರಡು ಮಾತು. ನಾನು ಸಾಗರದ ಕಡೆಯವನು, ಅಡಿಕೆ ತೋಟದ ಊರಿನಿಂದ ಬಂದವನು. ಇಲ್ಲೊಂದು ಸ್ನಾತಕೋತ್ತರ ವಿಭಾಗದಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ಅತಿಥಿ ಉಪನ್ಯಾಸಕ. ಎರಡು ವರ್ಷ ಒಂದೇ ಮನೆಯಲ್ಲಿ ಉಂಡವನನ್ನು ನಮ್ಮ ಕಡೆ ಅತಿಥಿ ಎನ್ನುವುದಿಲ್ಲ, ಬೇರೆ ಹೆಸರಿದೆ. ಅದಿರಲಿ. ಆದರೆ ವಿದ್ಯಾರ್ಥಿಗಳಿಗೆ ಈ ಶಬ್ದದ ಅರ್ಥ ಚೆನ್ನಾಗಿ ಗೊತ್ತು. ಪ್ರತಿ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಬಂದು ‘ಮುಂದಿನ ಸಲವೂ ನೀವೇ ಬರುತ್ತೀರಾ ಸರ್?’ ಎಂದು ಕೇಳುತ್ತಾರೆ. ಮೊದಮೊದಲು ಅದನ್ನು ಪ್ರೀತಿ ಎಂದು ತಿಳಿದು ಉಬ್ಬುತ್ತಿದ್ದೆ. ಪ್ರೀತಿ ಇಲ್ಲವೆಂದಲ್ಲ. ಪದವಿಯ ಮೂರು ವರ್ಷಗಳಲ್ಲಿ ಒಂದೇ ವಿಷಯಕ್ಕೆ ನಾಲ್ಕು ಜನ ಮೇಷ್ಟ್ರು ಬದಲಾದದ್ದನ್ನು ನೋಡಿದ ಮಕ್ಕಳು ಅವರು. ಯಾರಿಗೆ ಎಷ್ಟು ಮನಸ್ಸು ತೆರೆಯಬೇಕು ಎಂಬ ಲೆಕ್ಕ ಅವರಿಗೂ ಇರುತ್ತದೆ.

ಈಗ ಬಸ್ಸಿಗೆ ಬರುತ್ತೇನೆ. ನನ್ನ ತರಗತಿಯನ್ನು ಅರಿಯಬೇಕಾದರೆ ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆಗಳ ಕಡೆಯಿಂದ ಬೆಳಗ್ಗೆ ಬರುವ ಬಸ್ಸುಗಳನ್ನು ನೋಡಬೇಕು. ಮೂವತ್ತೆಂಟರಲ್ಲಿ ಇಪ್ಪತ್ತಾರು ಹುಡುಗಿಯರು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಯಿತಲ್ಲ, ಅದಾದ ಮೇಲಿನ ಮೊದಲ ತಂಡ ಇವರದು. ನಾನು ಅರ್ಥಶಾಸ್ತ್ರದವನು, ಒಂದು ತರಗತಿ ನೋಡಿ ರಾಜ್ಯದ ತೀರ್ಮಾನ ಮಾಡಬಾರದು ಎಂದು ಬಲ್ಲೆ. ಆದರೂ ಒಬ್ಬ ಹುಡುಗಿ ಹೇಳಿದ್ದನ್ನು ಹೇಳಿಬಿಡುತ್ತೇನೆ. ಮನೆಯಲ್ಲಿ ಅಣ್ಣನಿಗೂ ಇವಳಿಗೂ ಸೇರಿ ಓಡಾಟದ ಖರ್ಚಿಗೆಂದು ಒಂದು ಮೊತ್ತವಿತ್ತಂತೆ. ‘ಮೊದಲಾಗಿದ್ದರೆ ಅದು ಅಣ್ಣನಿಗೆ ಹೋಗುತ್ತಿತ್ತು ಸರ್. ಈಗ ನನಗೆ ದುಡ್ಡೇ ಬೇಡವಲ್ಲ, ಆದ್ದರಿಂದ ಜಗಳ ಆಗಲಿಲ್ಲ.’ ಸಾರ್ವಜನಿಕ ವೆಚ್ಚದ ಬಗ್ಗೆ ನಾನು ಓದಿದ ಎಷ್ಟೋ ಪ್ರಬಂಧಗಳಲ್ಲಿ ಇಷ್ಟು ಚೊಕ್ಕವಾದ ಸಾಲು ಸಿಕ್ಕಿಲ್ಲ. ಇದನ್ನೂ ಅವಳು ಹೇಳಿದ್ದು ತರಗತಿಯಲ್ಲಲ್ಲ, ಮೆಟ್ಟಿಲ ಮೇಲೆ.

ಭಾಷೆಯ ವಿಷಯದಲ್ಲಿ ನಾನು ಮಾಡಿಕೊಂಡ ಅವಮಾನವನ್ನು ಹೇಳಲೇಬೇಕು. ಸಾಗರದಿಂದ ಬಂದವನಿಗೆ ಕೋಲಾರವೆಂದರೆ ಕನ್ನಡದ ಊರು, ಅಷ್ಟೇ. ಇಲ್ಲಿ ನೋಡಿದರೆ ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಊರೊಳಗೆ ಉರ್ದು. ಕನ್ನಡ ಶಾಲೆಯದು. ಪುಸ್ತಕದ್ದು ಇಂಗ್ಲಿಷ್. ನಾನು ಪಾಠ ಮಾಡುವಾಗ ಹಿಂದಿನ ಬೆಂಚುಗಳಿಂದ ಒಂದೇ ಸಮನೆ ತೆಲುಗಿನ ಪಿಸುಮಾತು ಬರುತ್ತಿತ್ತು. ನನಗೆ ತೆಲುಗು ಬಾರದು. ಬಾರದ ಭಾಷೆಯಲ್ಲಿ ಯಾರು ಪಿಸುಗುಟ್ಟಿದರೂ ಅದು ನಮ್ಮ ಬಗ್ಗೆಯೇ ಎಂದು ಅನ್ನಿಸುತ್ತದೆ, ಮನುಷ್ಯನ ಬುದ್ಧಿ ಹಾಗೆ. ಒಂದು ದಿನ ತಡೆಯಲಾರದೆ ರೇಗಿದೆ. ನನ್ನನ್ನು ಆಡಿಕೊಳ್ಳುವುದಿದ್ದರೆ ಕನ್ನಡದಲ್ಲೇ ಆಡಿಕೊಳ್ಳಿ, ನನಗೂ ಗೊತ್ತಾಗಲಿ ಎಂದೆ. ತರಗತಿ ಸ್ತಬ್ಧವಾಯಿತು. ಮಾರನೆಯ ದಿನ ಒಬ್ಬ ಹುಡುಗ ಬಂದು, ನೆಲ ನೋಡುತ್ತಾ ಹೇಳಿದ. ಪಕ್ಕದವನಿಗೆ ನನ್ನ ಪಾಠವನ್ನು ಅವನು ತೆಲುಗಿನಲ್ಲಿ ಹೇಳಿಕೊಡುತ್ತಿದ್ದನಂತೆ. ನಾನು ಮುಂದೆ ನಿಂತು ‘ಅರ್ಥವಾಯಿತೇ’ ಎಂದು ಕೇಳುತ್ತಿದ್ದಾಗ, ಹಿಂದೆ ಅವನು ‘ಅರ್ಥಮೈಂದಾ’ ಎಂದು ಕೇಳುತ್ತಿದ್ದ. ಅವನಿಗೆ ನಿಜವಾದ ಉತ್ತರ ಸಿಗುತ್ತಿತ್ತು.

ಅಂದಿನಿಂದ ಅವನಿಗೆ ಪಿಸುಗುಟ್ಟಲು ಅನುಮತಿ ಕೊಟ್ಟೆ. ಅನುಮತಿ ಸಿಕ್ಕ ಕೂಡಲೇ ನಿಲ್ಲಿಸಿಬಿಟ್ಟ. ಅದೇ ವಿನಯ!

ಏನು ಮಾಡುವುದು ಎಂದು ಯೋಚಿಸಿ ಚೀಟಿಯ ಉಪಾಯ ಹೂಡಿದೆ. ಹೊಸದೇನಲ್ಲ, ನಿಮ್ಮಲ್ಲೂ ಎಷ್ಟೋ ಜನ ಮಾಡಿರುತ್ತೀರಿ. ತರಗತಿಯ ಕೊನೆಗೆ ಐದು ನಿಮಿಷ, ಹೆಸರಿಲ್ಲದ ಚೀಟಿ, ಅರ್ಥವಾಗದ ಒಂದು ಸಂಗತಿ ಬರೆಯಬೇಕು. ಮೊದಲ ದಿನದ ಮೂವತ್ತೆಂಟು ಚೀಟಿಗಳಲ್ಲಿ ಮೂವತ್ತರಷ್ಟು ‘ನೀವು ತುಂಬಾ ಚೆನ್ನಾಗಿ ಪಾಠ ಮಾಡುತ್ತೀರಿ ಸರ್’ ಎನ್ನುತ್ತಿದ್ದವು. ಹೆಸರಿಲ್ಲದ ಚೀಟಿಯಲ್ಲೂ ಕೈಮುಗಿಯುತ್ತಾರೆ! ಎರಡು ಚೀಟಿಗಳಲ್ಲಿ ಹುಟ್ಟುಹಬ್ಬದ ಶುಭಾಶಯವಿತ್ತು, ಅಂದು ನನ್ನ ಹುಟ್ಟುಹಬ್ಬವಾಗಿರಲಿಲ್ಲ. ಉಳಿದವುಗಳಲ್ಲಿ ಒಂದು ಚೀಟಿ ಹೀಗಿತ್ತು: ‘ಸರ್, ಮಧ್ಯದ ಫ್ಯಾನ್ ತಿರುಗುವಾಗ ಕೊನೆಯ ಮೂರು ಬೆಂಚುಗಳಿಗೆ ನಿಮ್ಮ ಮಾತು ಕೇಳಿಸುವುದಿಲ್ಲ.’

ಆ ಫ್ಯಾನು ಮೊದಲ ದಿನದಿಂದಲೂ ತಿರುಗುತ್ತಿತ್ತು. ಅದರ ಕಟಕಟ ಸದ್ದು ನನಗೂ ಕೇಳುತ್ತಿತ್ತು. ಎರಡು ತಿಂಗಳಿಗೂ ಹೆಚ್ಚು ಕಾಲ ಹನ್ನೆರಡು ಜನ ನನ್ನ ತುಟಿಗಳ ಚಲನೆ ನೋಡಿಕೊಂಡು ಕುಳಿತು, ಮುಂದಿನವರು ತಲೆಯಾಡಿಸಿದಾಗ ತಾವೂ ಆಡಿಸಿ, ‘ಅರ್ಥವಾಯಿತು ಸರ್’ ಎಂದಿದ್ದಾರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಹೇಳಿದರೆ ನಾಟಕವಾಗುತ್ತದೆ, ನಿದ್ದೆ ಬಂತು. ಆದರೆ ಮಾರನೆಯ ದಿನದಿಂದ ಪಾಠ ಮಾಡುತ್ತಾ ನಡೆದಾಡುವ ಅಭ್ಯಾಸ ಮಾಡಿಕೊಂಡೆ. ಫ್ಯಾನು ಇನ್ನೂ ಹಾಗೇ ಇದೆ.

ಚೀಟಿಗಳು ಮೆಲ್ಲಗೆ ಬಾಯಿ ಬಿಟ್ಟವು. ನಾಲ್ಕನೆಯ ವಾರ ಒಬ್ಬರು ಕೇಳಿದ್ದರು: ಗಣಿತದಲ್ಲಿ ಕಾರಣವನ್ನು ಅಡ್ಡಗೆರೆಯ ಮೇಲೆ, ಪರಿಣಾಮವನ್ನು ನಿಂತ ಗೆರೆಯ ಮೇಲೆ ಗುರುತಿಸಬೇಕು ಎಂದು ಪಿಯುಸಿಯಲ್ಲಿ ಕಲಿಸಿದ್ದಾರೆ. ಬೆಲೆ ಬದಲಾದರೆ ಬೇಡಿಕೆ ಬದಲಾಗುತ್ತದೆ ಎನ್ನುತ್ತೀರಿ, ಹಾಗಾದರೆ ಬೆಲೆ ಅಡ್ಡಗೆರೆಯಲ್ಲಿರಬೇಕಲ್ಲ, ನಿಂತ ಗೆರೆಯಲ್ಲಿ ಏಕಿದೆ? ಪಿಯು ಕಾಲೇಜಿನ ಗಣಿತದವರು ಇಲ್ಲಿ ಯಾರಿದ್ದೀರೋ ತಿಳಿಯದು, ನಿಮಗೆ ನನ್ನ ನಮಸ್ಕಾರ. ಬೇಡಿಕೆ ರೇಖೆಯನ್ನು ನಾನು ಸಾವಿರ ಸಲ ಎಳೆದಿದ್ದೇನೆ, ಡಾಕ್ಟರೇಟ್ ಪಡೆದಿದ್ದೇನೆ, ಒಮ್ಮೆಯೂ ಈ ಪ್ರಶ್ನೆ ಹುಟ್ಟಿರಲಿಲ್ಲ. ಹೋಗಿ ಓದಿದೆ. 1890ರಲ್ಲಿ ತಮ್ಮ ದೊಡ್ಡ ಗ್ರಂಥ ಹೊರತಂದ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಅವರ ಯೋಚನೆಯ ದಿಕ್ಕು ಬೇರೆ. ಇಷ್ಟು ಸರಕು ಮಾರುಕಟ್ಟೆಗೆ ಬಂದಿದೆ, ಅದಕ್ಕೆ ಜನ ಎಷ್ಟು ಬೆಲೆ ಕೊಡಲು ಸಿದ್ಧರಿದ್ದಾರೆ ಎಂದು ಅವರು ಕೇಳಿದರು. ಅವರಿಗೆ ಪ್ರಮಾಣ ಮೊದಲು, ಬೆಲೆ ಆಮೇಲೆ. ಅದೇ ಕಾಲದ ಫ್ರೆಂಚ್ ಅರ್ಥಶಾಸ್ತ್ರಜ್ಞ ವಾಲ್ರಾಸ್ ಬೆಲೆಯನ್ನು ಮೊದಲಿಟ್ಟರು. ನಾವು ಪಾಠದಲ್ಲಿ ವಾಲ್ರಾಸ್ ಮಾತನ್ನು ಹೇಳಿ, ಕಪ್ಪುಹಲಗೆಯ ಮೇಲೆ ಮಾರ್ಷಲ್ ಚಿತ್ರವನ್ನು ಬರೆಯುತ್ತೇವೆ. ತರಗತಿಗೆ ಇದನ್ನು ವಿವರಿಸಿ, ಈ ಪ್ರಶ್ನೆ ಕೇಳಿದವರು ಯಾರು ಎಂದೆ. ಯಾರೂ ಕೈ ಎತ್ತಲಿಲ್ಲ. ಈವರೆಗೂ ಎತ್ತಿಲ್ಲ.

ಇನ್ನೊಂದು ಚೀಟಿ ನನ್ನ ಡೈರಿಯಲ್ಲಿ ಇಂದಿಗೂ ಇದೆ. ಬೆಲೆಯು ಸರಾಸರಿ ಬದಲಾಗುವ ವೆಚ್ಚಕ್ಕಿಂತ, ಅಂದರೆ ಒಂದೊಂದು ಸರಕಿಗೆ ತಗಲುವ ಕೂಲಿ, ಕಚ್ಚಾಸಾಮಗ್ರಿಯಂಥ ಖರ್ಚಿಗಿಂತ ಕೆಳಗಿಳಿದರೆ ಉದ್ಯಮ ಬಾಗಿಲು ಹಾಕುತ್ತದೆ, ಅದೇ ಮುಚ್ಚುವ ಬಿಂದು ಎಂದು ಪಾಠ ಮಾಡಿದ್ದೆ. ಚೀಟಿಯಲ್ಲಿ ‘ಕಣಿ ಮುಚ್ಚುವ ಬಿಂದು ಮುಟ್ಟಿದ ಮೇಲೆ ಜನ ಏನು ಮಾಡುತ್ತಾರೆ, ಅದರ ಚಿತ್ರ ಇದೆಯಾ ಸರ್?’ ಎಂದಿತ್ತು. ಗಣಿಯನ್ನು ‘ಕಣಿ’ ಎಂದು ಬರೆದ ತಮಿಳು ಕಿವಿ ಯಾರದೆಂದು ನನಗೆ ಗೊತ್ತಾಯಿತು, ಗೊತ್ತಾಗದವನಂತೆ ಇದ್ದೆ. ಕೆಜಿಎಫ್‌ನ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿಯಲ್ಲಿ, ತೆಗೆದ ಚಿನ್ನದ ಬೆಲೆಗಿಂತ ತೆಗೆಯುವ ಖರ್ಚು ಬಹಳ ಹೆಚ್ಚಾಗಿತ್ತು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಜಿಲ್ಲೆಯಲ್ಲೇ ಇರುವಾಗ ನಾನು ಯಾವುದೋ ದೇಶದ ಐಸ್‌ಕ್ರೀಂ ಅಂಗಡಿಯ ಲೆಕ್ಕ ಹೇಳಿದ್ದೆ. ಆ ಹುಡುಗ ಹುಟ್ಟಿದ್ದು ಗಣಿ ಮುಚ್ಚಿದ ಮೇಲೆ. ಅವನ ಅಪ್ಪ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು. ಚಿತ್ರ ಇಲ್ಲ ಎಂದೇ ತರಗತಿಯಲ್ಲಿ ಹೇಳಿದೆ. ಅರ್ಥಶಾಸ್ತ್ರದ ಆ ರೇಖಾಚಿತ್ರ ಬಾಗಿಲು ಮುಚ್ಚುವಲ್ಲಿಗೆ ನಿಲ್ಲುತ್ತದೆ.

ಇಷ್ಟು ಹೊಗಳಿದ್ದು ಸಾಕು. ಇವರು ನನ್ನ ರಕ್ತದೊತ್ತಡ ಏರಿಸಿದ ಕಥೆಗಳೂ ಇವೆ.

ಎರಡನೆಯ ಸೆಮಿಸ್ಟರಿನಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೀನ್ಸ್ ಬಗ್ಗೆ ಒಂದು ಕಿರುಪ್ರಬಂಧ ಬರೆಯಲು ಹೇಳಿದೆ. ಬಣ್ಣದ ಮುಖಪುಟ, ಮಿನುಗುವ ಪೆನ್ನಿನ ಅಂಚು, ಮೂಲೆಯಲ್ಲಿ ಗುಲಾಬಿ ಹೂವು ಸಮೇತ ಮೂವತ್ತೆಂಟೂ ಪ್ರಬಂಧಗಳು ಗಡುವಿನ ದಿನಕ್ಕೆ ಬಂದವು. ಹದಿನಾಲ್ಕರಲ್ಲಿ ‘ಕೀನ್ಯಾದ ಉದ್ಯೋಗ ಸಿದ್ಧಾಂತ’ ಎಂಬ ಶೀರ್ಷಿಕೆ ಇತ್ತು. ಯಾರೋ ಒಬ್ಬರು ಮೊಬೈಲಿನಲ್ಲಿ ಅನುವಾದ ಮಾಡಿಸಿದ್ದಾರೆ, ಮೊಬೈಲು ಕೀನ್ಸ್‌ನನ್ನು ಆಫ್ರಿಕಾಕ್ಕೆ ಕಳಿಸಿದೆ, ಉಳಿದ ಹದಿಮೂರು ಜನ ಹಿಂದೆಯೇ ಹೊರಟಿದ್ದಾರೆ. ಕರೆದು ಕೇಳಿದೆ. ಸುಳ್ಳು ಹೇಳಲಿಲ್ಲ, ಅದು ಅವರ ದೊಡ್ಡತನ. ‘ಪ್ರಬಂಧ ಓದುತ್ತೀರಿ ಎಂದು ಗೊತ್ತಿರಲಿಲ್ಲ ಸರ್’ ಎಂದರು. ಇದಕ್ಕೆ ಏನು ಹೇಳುತ್ತೀರಿ? ಹಿಂದಿನವರು ಯಾರೂ ಓದಿರಲಿಲ್ಲ. ಮುಖಪುಟ ನೋಡಿ ಅಂಕ ಕೊಡುತ್ತಿದ್ದರೆ ಶ್ರಮವನ್ನು ಮುಖಪುಟಕ್ಕೆ ಹಾಕುವುದೇ ಜಾಣತನ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಾಗಿ ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದರು. ಆದರೂ ಹದಿನಾಲ್ಕು ಜನರಿಂದಲೂ ಮತ್ತೆ ಬರೆಸಿದೆ.

ನಿದ್ದೆಯ ಪ್ರಸಂಗ ಇನ್ನೊಂದು. ಮೂರನೆಯ ಬೆಂಚಿನ ಹುಡುಗನೊಬ್ಬ ಒಂಬತ್ತೂವರೆಗೆ ತೂಕಡಿಸುತ್ತಿದ್ದ. ಅವನು ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ತರಗತಿಗೆ ಬರುತ್ತಾನೆಂದು ತಿಳಿದ ಮೇಲೆ ನನ್ನ ಮನಸ್ಸು ಕರಗಿತು. ಎಷ್ಟು ಕರಗಿತೆಂದರೆ, ಅಂದಿನಿಂದ ಯಾರು ತೂಕಡಿಸಿದರೂ ಪಾಪ ಯಾವ ಪಾಳಿಯೋ ಎಂದು ಸುಮ್ಮನಿರತೊಡಗಿದೆ. ಏಪ್ರಿಲ್ ತಿಂಗಳಲ್ಲಿ ತೂಕಡಿಸುವವರು ಏಳೆಂಟು ಜನರಾದರು. ವಿಚಾರಿಸಿದರೆ ಐಪಿಎಲ್! ನನ್ನ ಕರುಣೆಯ ಸುದ್ದಿ ತರಗತಿಯಲ್ಲೆಲ್ಲಾ ಹರಡಿತ್ತು. ಬಡತನವನ್ನು ಕಂಡು ಬೆಚ್ಚುವ ಹೊಸ ಮೇಷ್ಟ್ರನ್ನು ವಿದ್ಯಾರ್ಥಿಗಳು ಮೂರೇ ದಿನದಲ್ಲಿ ಗುರುತಿಸುತ್ತಾರೆ.

ಈಗ ಒಬ್ಬ ಹುಡುಗಿಯ ವಿಷಯ. ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ, ಸುತ್ತು ಬಳಸಿದ್ದಕ್ಕೆ ಕ್ಷಮೆಯಿರಲಿ.

ಶ್ರೀನಿವಾಸಪುರದ ಕಡೆಯ ಹಳ್ಳಿಯವಳು. ಬರೆಯುವಾಗ ಎಡಗೈಯನ್ನು ದುಪಟ್ಟಾದೊಳಗೆ ಇಟ್ಟುಕೊಳ್ಳುತ್ತಿದ್ದಳು, ಬಲಗೈಯ ಬೆರಳುಗಳನ್ನು ಪೆನ್ನಿನ ಹಿಂದೆ ಮಡಚುತ್ತಿದ್ದಳು. ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಒಮ್ಮೆ ನೋಡಿದೆ. ಬೆರಳ ತುದಿಗಳು, ಉಗುರಿನ ಸಂದುಗಳು ಹಸಿರುಗಪ್ಪಾಗಿದ್ದವು. ಯಾವುದೋ ಗ್ರೀಸ್ ಇರಬೇಕು, ಮನೆಯಲ್ಲಿ ಗ್ಯಾರೇಜು ಇರಬೇಕು ಎಂದುಕೊಂಡೆ. ನೀವು ನಗುತ್ತಿದ್ದೀರಿ, ನಿಮಗೆ ಗೊತ್ತು. ಅಡಿಕೆ ಸೀಮೆಯವನಿಗೆ ಗೊತ್ತಿರಲಿಲ್ಲ. ಟೊಮೆಟೊ ಗಿಡದ ಎಲೆಯನ್ನೂ ಕಾಂಡವನ್ನೂ ಮುಟ್ಟಿ ಮುಟ್ಟಿ ಹಿಡಿಯುವ ಆ ಅಂಟು ಬಣ್ಣ, ಸೋಪಿಗೆ ಹೋಗುವುದಿಲ್ಲ. ಮೊದಲು ಹಸಿರಾಗಿದ್ದು ಆಮೇಲೆ ಕಪ್ಪಾಗುತ್ತದೆ. ಅವಳು ಬೆಳಗ್ಗೆ ಐದಕ್ಕೆ ಎದ್ದು ಕಾಯಿ ಬಿಡಿಸಿ, ಏಳೂವರೆಗೆ ಸ್ನಾನ ಮಾಡಿ ಬಸ್ಸು ಹತ್ತುತ್ತಿದ್ದಳು.

ಅವಳು ಕೂತಿದ್ದ ತರಗತಿಗೆ ನಾನು ಜೇಡರಬಲೆ ಪ್ರಮೇಯವನ್ನು ಪಾಠ ಮಾಡಿದೆ. ಹೆಸರು ಹೊಸದೆನಿಸಿದರೂ ಸಂಗತಿ ನಿಮ್ಮೆಲ್ಲರಿಗೂ ಗೊತ್ತಿರುವುದೇ. ಈ ಸಲ ಬೆಲೆ ಏರಿದರೆ ಮುಂದಿನ ಸಲ ಎಲ್ಲರೂ ಅದನ್ನೇ ಬೆಳೆಯುತ್ತಾರೆ, ಫಸಲು ಸುರಿದು ಬೆಲೆ ಕುಸಿಯುತ್ತದೆ, ಅದರ ಮುಂದಿನ ಸಲ ಯಾರೂ ಬೆಳೆಯುವುದಿಲ್ಲ, ಬೆಲೆ ಮತ್ತೆ ಏರುತ್ತದೆ. ರೇಖಾಚಿತ್ರದಲ್ಲಿ ಈ ಏರಿಳಿತವನ್ನು ಎಳೆಯುತ್ತಾ ಹೋದರೆ ಜೇಡನ ಬಲೆಯಂತೆ ಕಾಣುತ್ತದೆ. 1934ರಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಇದಕ್ಕೆ ಈ ಹೆಸರಿಟ್ಟರು, 1938ರಲ್ಲಿ ಮೊರ್ಡೆಕಾಯ್ ಎಝೆಕಿಯಲ್ ವಿವರವಾಗಿ ಬರೆದರು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಕೊಡುವ ಉದಾಹರಣೆ ಅಮೆರಿಕದ ಹಂದಿ ಸಾಕಣೆ. ನಾನೂ ಹಂದಿಯನ್ನೇ ಕೊಟ್ಟೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು, ತೋಟಗಳಿಗೆ ರಾತ್ರಿ ಕಾವಲು ಹಾಕಿದ್ದರು. ಬೇರೆ ವರ್ಷಗಳಲ್ಲಿ ಅದೇ ಬಾಕ್ಸು ಬಿಡಿಸಿದ ಕೂಲಿಗೂ ಸಾಲದೆ ರಸ್ತೆ ಬದಿಗೆ ಸುರಿದದ್ದನ್ನು ನೀವೆಲ್ಲ ನೋಡಿದ್ದೀರಿ. ಅಂಥ ಊರಿನಲ್ಲಿ, ಟೊಮೆಟೊ ಬೆಳೆಯುವವರ ಮಕ್ಕಳ ಮುಂದೆ ನಿಂತು, ಅಮೆರಿಕದ ಹಂದಿಗಳ ಬೆಲೆಯ ಕಥೆ ಹೇಳಿದೆ. ಅವರು ‘ಹಂದಿ’ ಎಂದು ಬರೆದುಕೊಂಡರು. ಅರ್ಥವಾಯಿತೇ? ಅರ್ಥವಾಯಿತು ಸರ್.

ಪರೀಕ್ಷೆಯಲ್ಲಿ ಆ ಹುಡುಗಿ ಹಂದಿಯ ಬಗ್ಗೆ ಹತ್ತಕ್ಕೆ ಒಂಬತ್ತು ಅಂಕದ ಉತ್ತರ ಬರೆದಳು.

ಮಳೆಗಾಲದ ಒಂದು ಸಂಜೆ ಬಸ್ಸು ತಡವಾಯಿತು. ನಿಲ್ದಾಣದಲ್ಲಿ ನಾನು, ಅವಳು, ಇನ್ನಿಬ್ಬರು ಹುಡುಗಿಯರು. ಮಾತಿಗೆ ಏನೂ ತೋಚದೆ, ಈ ಸಲ ನಿಮ್ಮ ಮನೆಯಲ್ಲಿ ಟೊಮೆಟೊ ಇಟ್ಟಿದ್ದೀರಾ ಎಂದು ಕೇಳಿದೆ. ಇಲ್ಲ ಸರ್, ಈ ಸಲ ಬೇಡವೆಂದರು ಅಪ್ಪ ಎಂದಳು. ಏಕೆ, ಕಳೆದ ಸಲ ಬೆಲೆ ಬಿದ್ದಿತ್ತೇ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಕಳೆದ ಸಲದ ಬೆಲೆ ನೋಡಿ ಯಾರೂ ನೆಡುವುದಿಲ್ಲ ಸರ್. ನರ್ಸರಿಯಿಂದ ಎಷ್ಟು ಸಸಿ ಹೋಯಿತು ಎಂದು ನೋಡುತ್ತಾರೆ.’

ನರ್ಸರಿಯವನು ನಿಜ ಹೇಳುತ್ತಾನೆಯೇ ಎಂದೆ. ‘ಹೇಳುವುದಿಲ್ಲ ಸರ್. ಅವನು ಸಸಿ ಮಾರಬೇಕಲ್ಲ. ಅಪ್ಪ ಶೆಡ್ಡಿನ ಹಿಂದೆ ಹೋಗಿ ಖಾಲಿ ಟ್ರೇ ಎಣಿಸುತ್ತಾರೆ.’ ಸಸಿ ಕೊಂಡವರು ನೆಟ್ಟ ಮೇಲೆ ಟ್ರೇಗಳನ್ನು ಹಿಂದಿರುಗಿಸುತ್ತಾರೆ. ಒಂದು ಟ್ರೇಗೆ 98 ಗುಳಿ. ರಾಶಿ ದೊಡ್ಡದಿದ್ದರೆ ಎರಡು, ಎರಡೂವರೆ ತಿಂಗಳಿಗೆ ಮಂಡಿಗೆ ಎಷ್ಟು ಕಾಯಿ ಬರುತ್ತದೆ ಎಂದು ಅಂದಾಜು ಸಿಕ್ಕಂತೆ. ಹಾಗಾದರೆ ಬೆಲೆ ಬೀಳಲೇಬಾರದಲ್ಲ, ಎಲ್ಲರೂ ಟ್ರೇ ಎಣಿಸಬಹುದಲ್ಲ ಎಂದು ಬಿಡದೆ ಕೇಳಿದೆ. ‘ನಮ್ಮ ನರ್ಸರಿಯದು ಸಿಗುತ್ತದೆ ಸರ್. ಮದನಪಲ್ಲಿ ಕಡೆಯದು ಎಣಿಸುವವರು ಯಾರು? ಆಮೇಲೆ ಎಲೆ ಮುದುಡುವ ರೋಗ ಬಂದರೆ ಎಣಿಸಿದ್ದೂ ಹೋಯಿತು.’

ನಿಮಗೆ ಒಂದು ವಿಷಯ ಹೇಳಬೇಕು. 1961ರಲ್ಲಿ ಜಾನ್ ಮ್ಯೂತ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಲೇಖನ ಬರೆದರು. ಜೇಡರಬಲೆ ಪ್ರಮೇಯದ ರೈತ ಪ್ರತಿ ಸಲವೂ ಹಿಂದಿನ ಬೆಲೆ ನೋಡಿ ಅದೇ ತಪ್ಪು ಮಾಡುತ್ತಾನೆ. ನಿಜವಾದ ರೈತ ಅಷ್ಟು ದಡ್ಡನಲ್ಲ, ಕೈಗೆ ಸಿಗುವ ಮಾಹಿತಿಯನ್ನೆಲ್ಲ ಬಳಸಿ ಮುಂದಿನ ಬೆಲೆಯನ್ನು ಅಂದಾಜು ಮಾಡುತ್ತಾನೆ ಎಂಬುದು ಅವರ ವಾದ. ಮುಂದೆ ಆ ವಿಚಾರದ ಮೇಲೆ ಸಮಗ್ರ ಅರ್ಥಶಾಸ್ತ್ರದ ದೊಡ್ಡ ಪಂಥವೇ ಬೆಳೆಯಿತು. ನಾನು ಅದನ್ನು ಪಿಎಚ್‌ಡಿಯ ಮೊದಲ ವರ್ಷದಲ್ಲಿ, ಬಹಳ ಕಷ್ಟದ ಗಣಿತದ ಮೂಲಕ ಕಲಿತಿದ್ದೆ. ಆ ವಾದವನ್ನು ಬಸ್ ನಿಲ್ದಾಣದಲ್ಲಿ, ಮಳೆಯ ಎರಚಲು ತಪ್ಪಿಸಿಕೊಳ್ಳುತ್ತಾ, ಖಾಲಿ ಟ್ರೇಗಳ ಲೆಕ್ಕದಲ್ಲಿ ಕೇಳಿಸಿಕೊಂಡೆ. ಅದರ ಜೊತೆಗೆ, ಆದರೂ ಬೆಲೆ ಏಕೆ ಬೀಳುತ್ತದೆ ಎಂಬುದಕ್ಕೂ ಅವಳ ಬಳಿ ಉತ್ತರವಿತ್ತು.

ತರಗತಿಯಲ್ಲಿ ಇದನ್ನು ಏಕೆ ಹೇಳಲಿಲ್ಲಮ್ಮ ಎಂದು ಕೇಳಿದೆ.

‘ನೀವು ಹೇಳುತ್ತಿದ್ದಿರಿ ಸರ್’ ಎಂದಳು.

ಬಸ್ಸು ಬಂತು. ಕೊಂಕು ಅವಳ ದನಿಯಲ್ಲಿ ಲವಲೇಶವೂ ಇರಲಿಲ್ಲ, ಅದನ್ನು ನೀವು ನಂಬಬೇಕು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಅಷ್ಟೇ. ಪರೀಕ್ಷೆಗೆ ಯಾವ ಪ್ರಾಣಿ ಬೇಕು ಎಂದು ಅವಳಿಗೆ ಗೊತ್ತಿತ್ತು. ತೋಟಕ್ಕೆ ಯಾವ ಲೆಕ್ಕ ಬೇಕು ಎಂದೂ ಗೊತ್ತಿತ್ತು. ಎರಡನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಮುಚ್ಚಳ ಬಿಗಿದಿದ್ದಳು. ನಾನೂ ಹಾಗೇ ಇದ್ದೆ ಎಂಬುದು ಆಮೇಲೆ ಹೊಳೆಯಿತು. ಅಡಿಕೆ ವ್ಯಾಪಾರಿ ನಮ್ಮ ಅಪ್ಪನಿಗೆ ಮುಂಗಡ ಕೊಟ್ಟು ಬೆಲೆ ಕಟ್ಟುತ್ತಿದ್ದುದನ್ನು ಜಗಲಿಯ ಮೇಲೆ ಕೂತು ನೋಡಿ ಬೆಳೆದವನು ನಾನು. ಎಂಎಯಲ್ಲಿ ‘ಮಾಹಿತಿಯ ಅಸಮಾನತೆ’ ಎಂಬ, ವ್ಯಾಪಾರದಲ್ಲಿ ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ ಎನ್ನುವ ಪಾಠ ಓದುವಾಗ ಆ ಜಗಲಿ ನನಗೆ ಒಮ್ಮೆಯೂ ನೆನಪಾಗಿರಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಕಿರುಸಂಶೋಧನೆ ಇರುತ್ತದೆ. ನರ್ಸರಿಗಳ ಬಗ್ಗೆ ಮಾಡು ಎಂದು ಅವಳಿಗೆ ಹೇಳಿದೆ. ಅದು ಸಂಶೋಧನೆ ಆಗುತ್ತದಾ ಸರ್ ಎಂದು ಮೂರು ಸಲ ಕೇಳಿದಳು. ರಜೆಯಲ್ಲಿ ಅಪ್ಪನ ಮೊಪೆಡ್ ಮೇಲೆ ಹನ್ನೊಂದು ನರ್ಸರಿ ಸುತ್ತಿದಳು. ಹಾಲಿನ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ವಾರವಾರದ ಟ್ರೇ ಲೆಕ್ಕ, ಪಕ್ಕದಲ್ಲಿ ಮಂಡಿಯ ದರ. ಕೆಲವು ಕಡೆ ಕೆಚ್ಚಲು ಬಾವಿನ ಔಷಧಿಯ ಹೆಸರೂ ಇತ್ತು, ಅದು ಬೇರೆಯ ಲೆಕ್ಕ. ಹನ್ನೊಂದು ನರ್ಸರಿಯಿಂದ ದೊಡ್ಡ ಸಿದ್ಧಾಂತ ಹೇಳಲಾಗುವುದಿಲ್ಲ, ಅದನ್ನು ಅವಳೇ ಬರೆದಿದ್ದಳು, ನಾನು ಹೇಳಿಕೊಡಬೇಕಾಗಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಹಿರಿಯರೊಬ್ಬರು ಬಂದಿದ್ದರು. ಪುಟ ತಿರುಗಿಸಿ, ಈ ಖಾಲಿ ಟ್ರೇಯ ವಿಷಯ ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ವಾಡಿಕೆಯ ಪ್ರಶ್ನೆ. ಪುಸ್ತಕದಲ್ಲಿಲ್ಲ ಸರ್, ನಾನು ಎಣಿಸಿದ್ದು ಎಂದಳು. ನನ್ನ ಎದೆ ಉಬ್ಬಿತು. ಅವಳು ನನ್ನ ಕಡೆ ನೋಡಿದಳು, ಆಮೇಲೆ ಅವರ ಕಡೆ ನೋಡಿದಳು, ಆಮೇಲೆ ‘ತಪ್ಪಿದ್ದರೆ ತೆಗೆದುಬಿಡುತ್ತೇನೆ ಸರ್’ ಎಂದಳು.

ತೆಗೆಯಬೇಡ ಎಂದೆ. ಅವರೂ ಬೇಡವೆಂದರು, ಚೆನ್ನಾಗಿದೆ ಎಂದೂ ಹೇಳಿದರು. ಅರ್ಥವಾಯಿತೇನಮ್ಮ, ಒಂದು ಅಕ್ಷರವೂ ತೆಗೆಯಬಾರದು ಎಂದು ಹೊರಗೆ ಬಂದ ಮೇಲೆ ಮತ್ತೊಮ್ಮೆ ಹೇಳಿದೆ. ಅರ್ಥವಾಯಿತು ಸರ್ ಎಂದಳು.

ಮೂರು ವಾರದ ಮೇಲೆ ಬೈಂಡ್ ಮಾಡಿಸಿದ ಪ್ರತಿ ಬಂತು. ಕೆಂಪು ರಟ್ಟು, ಬಂಗಾರದ ಅಕ್ಷರ. ಮೊದಲು ಆ ಅಧ್ಯಾಯವನ್ನೇ ಹುಡುಕಿದೆ. ಇತ್ತು, ಒಂದು ಅಕ್ಷರವೂ ತೆಗೆದಿರಲಿಲ್ಲ. ಅದರ ಹಿಂದೆ ಹೊಸದಾಗಿ ಎರಡು ಪುಟ ಸೇರಿಸಿದ್ದಳು, ಅಮೆರಿಕದ ಹಂದಿಗಳ ಬಗ್ಗೆ.